ಬೇಳೆ ಮಂಡಿಗೆ, ತಿಳಿಸಾರು ಬಸುರಿಗೆ

2025ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ತಿಂಗಳಲ್ಲಿ ಮೂರು ಸುದ್ದಿಗಳು ಬೆನ್ನುಬೆನ್ನಿಗೆ ಬಂದವು. ಮೂರೂ ಬೇರೆ ಬೇರೆ ಪುಟಗಳಲ್ಲಿ ಅಚ್ಚಾದುದರಿಂದ ಅವುಗಳ ನಡುವಣ ನಂಟು ಬಹುಮಂದಿಯ ಗಮನಕ್ಕೆ ಬಂದಂತಿಲ್ಲ.

ಮೊದಲನೆಯದು, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ. ನಮ್ಮ ದೇಶದವರು ಊಟದಿಂದ ಪಡೆಯುವ ಶಕ್ತಿಯಲ್ಲಿ ಶೇ. 62ರಷ್ಟು ಅಕ್ಕಿ, ಗೋಧಿ, ಸಕ್ಕರೆ ಮುಂತಾದ ಪಿಷ್ಟ ಪದಾರ್ಥಗಳಿಂದ ಬರುತ್ತದೆ. ಸಸಾರಜನಕದಿಂದ, ಅಂದರೆ ಪ್ರೊಟೀನಿನಿಂದ, ಬರುವುದು ಶೇ. 12 ಮಾತ್ರ ಎಂದು ಅದು ಹೇಳಿತು. ಎರಡನೆಯದು, ಅಕ್ಟೋಬರ್ 1ರಂದು ಕೇಂದ್ರ ಸಚಿವ ಸಂಪುಟ ಒಪ್ಪಿದ ಬೇಳೆಕಾಳು ಸ್ವಾವಲಂಬನೆ ಯೋಜನೆ. ಇದರ ವೆಚ್ಚ 11,440 ಕೋಟಿ ರೂಪಾಯಿ, ಅವಧಿ 2030-31ರವರೆಗೆ. ತೊಗರಿ, ಉದ್ದು, ಮಸೂರಗಳ ಮೇಲೆ ಇದರ ಮುಖ್ಯ ದೃಷ್ಟಿ. ಮೂರನೆಯದು ನಮ್ಮ ರಾಜ್ಯದ್ದು. ಅನ್ನಭಾಗ್ಯದ ಹೆಚ್ಚುವರಿ 5 ಕಿಲೋ ಅಕ್ಕಿಯ ಬದಲಿಗೆ ತೊಗರಿಬೇಳೆ, ಎಣ್ಣೆ, ಸಕ್ಕರೆ, ಉಪ್ಪು ಇರುವ ಇಂದಿರಾ ಆಹಾರ ಕಿಟ್ ಕೊಡಬೇಕೆಂದು ಅದೇ ಅಕ್ಟೋಬರ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. (ಬೇಳೆಯ ಜೊತೆಗೆ ಸಕ್ಕರೆಯನ್ನೂ ಸೇರಿಸಿದ್ದು ಏಕೋ ತಿಳಿಯದು. ಸಕ್ಕರೆಗೆ ನಮ್ಮ ಹಳ್ಳಿಗಳಲ್ಲಿ ಈಗ ಕೊರತೆಯೇನೂ ಇಲ್ಲ.)

ಕಾಯಿಲೆ, ಬೆಳೆ, ಪಡಿತರ ಈ ಮೂರೂ ಒಂದೇ ಕಡೆ ಬಂದು ಕೂಡುವುದು ಬಸುರಿ ಹೆಂಗಸಿನ ಊಟದ ತಟ್ಟೆಯಲ್ಲಿ. ಅವಳ ತಟ್ಟೆಯಲ್ಲಿ ಬೇಳೆಕಾಳು ಕಡಮೆಯಾದರೆ ಅವಳು ಸೊರಗುವಳು, ಮಗು ಸಣ್ಣದಾಗುವುದು ಎಂಬಷ್ಟು ನಮಗೆಲ್ಲ ಗೊತ್ತು. ಆ ಮಗು ಬೆಳೆದು ನಲವತ್ತು ದಾಟಿದ ಮೇಲೆ ಅದರ ರಕ್ತದಲ್ಲಿ ಸಕ್ಕರೆ ಏರುವುದಕ್ಕೂ ಇದು ಒಂದು ಕಾರಣವಾಗಬಲ್ಲದೆಂಬುದು ಅಷ್ಟಾಗಿ ಗೊತ್ತಿಲ್ಲ.

ಹೊಲದಲ್ಲಿ ದುಡಿಯುವವನಿಗೂ ಸಕ್ಕರೆ ಕಾಯಿಲೆ

ಸಕ್ಕರೆ ಕಾಯಿಲೆ ಪಟ್ಟಣದವರದು, ಕೂತು ಉಣ್ಣುವವರದು ಎಂಬ ಮಾತು ಹಳ್ಳಿಕಟ್ಟೆಗಳಲ್ಲಿ ಈಗಲೂ ನಡೆಯುತ್ತದೆ. ಆದರೆ 2023ರಲ್ಲಿ ಇದೇ ಮಂಡಳಿ ಪ್ರಕಟಿಸಿದ ಅಂಕಿಗಳನ್ನು ನೋಡಿರಿ. ದೇಶದಲ್ಲಿ ಸುಮಾರು 10 ಕೋಟಿ 10 ಲಕ್ಷ ಜನರಿಗೆ ಈ ಕಾಯಿಲೆಯಿದೆ. ಪಟ್ಟಣಗಳಲ್ಲಿ ನೂರಕ್ಕೆ 16 ಮಂದಿಗೆ, ಹಳ್ಳಿಗಳಲ್ಲಿ ನೂರಕ್ಕೆ 9 ಮಂದಿಗೆ. ಕಾಯಿಲೆಯ ಹೊಸ್ತಿಲಲ್ಲಿ ನಿಂತವರನ್ನು ಲೆಕ್ಕ ಹಿಡಿದರೆ ಹಳ್ಳಿ, ಪಟ್ಟಣಗಳೆಂಬ ಭೇದವೇ ಇಲ್ಲ. ಎರಡು ಕಡೆಯೂ ನೂರಕ್ಕೆ 15 ಮಂದಿ.

ನಮ್ಮ ತಾಲ್ಲೂಕಿನಲ್ಲೇ ಮೈಯಲ್ಲಿ ಒಂದು ತೂಕ ಕೊಬ್ಬಿಲ್ಲದ, ಬೆಳಗಿನಿಂದ ಬೈಗಿನವರೆಗೆ ಗೇಯುವ ರೈತರು ಆಸ್ಪತ್ರೆಯ ಚೀಟಿ ಹಿಡಿದು ಗುಳಿಗೆಗೆ ನಿಲ್ಲುವುದನ್ನು ಕಾಣುತ್ತೇವೆ. ಊಟದಲ್ಲಿ ಅಕ್ಕಿ ಹೆಚ್ಚಿದ್ದು, ದುಡಿಮೆ ಯಂತ್ರಕ್ಕೆ ಹೋದದ್ದು, ಮನೆತನದಲ್ಲಿ ಬಂದದ್ದು ಎಲ್ಲವೂ ಕಾರಣಗಳೇ. ಇವುಗಳ ಜೊತೆಗೆ ತಾಯಿಯ ಗರ್ಭದಲ್ಲಿದ್ದಾಗಿನ ಕಾರಣವೂ ಒಂದುಂಟು.

ಉಂಡ ಅನ್ನ, ಮುದ್ದೆ ಹೊಟ್ಟೆಯಲ್ಲಿ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ರಕ್ತದಿಂದ ಅದನ್ನು ಮಾಂಸಖಂಡಗಳಿಗೆ ಹೊಗಿಸುವುದು ಇನ್ಸುಲಿನ್ ಎಂಬ ರಸ. ಜಠರದ ಹಿಂದೆ ಅಡ್ಡಲಾಗಿ ಮಲಗಿರುವ ಮೇದೋಜೀರಕ ಗ್ರಂಥಿಯಲ್ಲಿ ಸಣ್ಣ ಸಣ್ಣ ದ್ವೀಪಗಳಂತೆ ಕೋಶಗಳ ಗುಂಪುಗಳಿದ್ದು, ಅವುಗಳಲ್ಲಿನ ಬೀಟಾ ಕೋಶಗಳು ಈ ರಸವನ್ನು ತಯಾರಿಸುತ್ತವೆ. ಈ ಕೋಶಗಳ ಬಹುಪಾಲು ಮಗು ಗರ್ಭದಲ್ಲಿದ್ದಾಗ ಮತ್ತು ಹುಟ್ಟಿದ ಮೊದಲ ಕೆಲವು ವರ್ಷಗಳಲ್ಲಿ ಕಟ್ಟಿಕೊಳ್ಳತಕ್ಕವು. ರಾಗಿ ತೆನೆ ಒಳಗಟ್ಟುವ ಹೊತ್ತಿನಲ್ಲಿ ತೇವ ತಪ್ಪಿದರೆ ಆಮೇಲೆ ಎಷ್ಟು ಮಳೆ ಸುರಿದರೂ ತೆನೆಯಲ್ಲಿ ಕಾಳಿನ ಸಂಖ್ಯೆ ಏರುವುದಿಲ್ಲವಲ್ಲ, ಇದೂ ಹೆಚ್ಚುಕಡಮೆ ಹಾಗೆಯೇ.

ಇಲಿಗಳು ತೋರಿಸಿದ್ದು

ಇದನ್ನು ಮನುಷ್ಯರ ಮೇಲೆ ಪ್ರಯೋಗ ಮಾಡಿ ನೋಡುವಂತಿಲ್ಲ. ಬೆಲ್ಜಿಯಂ ದೇಶದ ಲೂವಾನ್ ವಿಶ್ವವಿದ್ಯಾನಿಲಯದವರು ಇಲಿಗಳ ಮೇಲೆ ಮಾಡಿ 1990ರಲ್ಲಿ ಪ್ರಕಟಿಸಿದರು. ಗಬ್ಬದ ಇಲಿಗಳಲ್ಲಿ ಒಂದು ಗುಂಪಿಗೆ ಶೇ. 20 ಸಸಾರಜನಕವಿರುವ ಆಹಾರ, ಇನ್ನೊಂದು ಗುಂಪಿಗೆ ಶೇ. 8 ಇರುವ ಆಹಾರ. ಶಕ್ತಿಯ ಲೆಕ್ಕದಲ್ಲಿ ಎರಡೂ ಸಮ. ಅಂದರೆ ಎರಡನೆಯ ಗುಂಪಿನ ಇಲಿಗಳು ಉಪವಾಸವಿರಲಿಲ್ಲ. ಹೊಟ್ಟೆ ತುಂಬಿತ್ತು, ಸಸಾರಜನಕ ಮಾತ್ರ ಕಡಮೆಯಿತ್ತು. ನಮ್ಮ ಅನ್ನ-ತಿಳಿಸಾರಿನ ಊಟ ನೆನಪಿಗೆ ಬಾರದೆ ಇರದು.

ಆ ಇಲಿಗಳ ಮರಿಗಳ ಮೇದೋಜೀರಕ ಗ್ರಂಥಿಯನ್ನು ಪರೀಕ್ಷಿಸಿದಾಗ ಕೋಶದ ದ್ವೀಪಗಳು ಚಿಕ್ಕವಾಗಿದ್ದವು. ಅವುಗಳಿಗೆ ರಕ್ತ ಒದಗಿಸುವ ನಾಳಗಳೂ ಕಡಮೆ. ಬೀಟಾ ಕೋಶಗಳು ಹೆಚ್ಚುವ ವೇಗವೂ ತಗ್ಗಿತ್ತು. ಮುಂದೆ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಇಂಥ ಮರಿಗಳನ್ನು ಮುಪ್ಪಿನವರೆಗೂ ಸಾಕಿ ನೋಡಿದರು. ಎಳೆ ವಯಸ್ಸಿನಲ್ಲಿ ಅವುಗಳ ರಕ್ತದ ಸಕ್ಕರೆ ಚೆನ್ನಾಗಿಯೇ ಇತ್ತು. ಕಾಲ ಕಳೆದಂತೆ ಕೆಡುತ್ತ ಬಂದು ಸುಮಾರು 17 ತಿಂಗಳ ಹೊತ್ತಿಗೆ ಗಂಡು ಇಲಿಗಳಲ್ಲಿ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿತು. ಇಲಿಯ ಆಯುಸ್ಸಿಗೆ ಅದು ನಮ್ಮ ಐವತ್ತು ಅರವತ್ತರ ಪ್ರಾಯವೆನ್ನಬಹುದು. "ನಮ್ಮ ಹುಡುಗ ಚೆನ್ನಾಗಿಯೇ ಇದ್ದಾನಲ್ಲ, ಅವನ ತಾಯಿ ಏನು ಉಂಡರೇನು" ಎಂಬ ಮಾತಿಗೆ ಇದರಲ್ಲಿ ಉತ್ತರವಿದೆ.

ಮನುಷ್ಯರಲ್ಲಿ ಸಿಕ್ಕ ಸಾಕ್ಷ್ಯ ಯುದ್ಧದಿಂದ ಬಂದದ್ದು. 1944-45ರ ಚಳಿಗಾಲದಲ್ಲಿ ಹಾಲೆಂಡಿನ ಪಶ್ಚಿಮ ಭಾಗಕ್ಕೆ ಜರ್ಮನರು ಆಹಾರ ಸಾಗಣೆ ತಡೆದಾಗ ಜನರ ಪಡಿತರ ದಿನಕ್ಕೆ 400ರಿಂದ 800 ಕ್ಯಾಲೊರಿಗೆ ಇಳಿಯಿತು. ಆಗ ಗರ್ಭದಲ್ಲಿದ್ದವರನ್ನು ಸುಮಾರು ಐವತ್ತರ ವಯಸ್ಸಿನಲ್ಲಿ ಹುಡುಕಿ ಸಕ್ಕರೆ ನೀರು ಕುಡಿಸಿ ರಕ್ತ ಪರೀಕ್ಷೆ ಮಾಡಿದರು. ಬಸಿರಿನ ನಡುವಿನ ಅಥವಾ ಕೊನೆಯ ತಿಂಗಳುಗಳಲ್ಲಿ ಬರಗಾಲ ಕಂಡ ತಾಯಂದಿರ ಮಕ್ಕಳಲ್ಲಿ ಎರಡು ಗಂಟೆಯ ಬಳಿಕವೂ ಸಕ್ಕರೆ ಹೆಚ್ಚಾಗಿಯೇ ಉಳಿದಿತ್ತು. ಅಲ್ಲಿ ಕೊರತೆಯಾದದ್ದು ಸಸಾರಜನಕ ಒಂದೇ ಅಲ್ಲ, ಎಲ್ಲವೂ. ಆದರೂ ಗರ್ಭದ ಹಸಿವು ಐವತ್ತು ವರ್ಷದ ಮೇಲೂ ರಕ್ತದಲ್ಲಿ ಕಾಣುತ್ತದೆಂಬುದು ಅಲ್ಲಿ ಖಚಿತವಾಯಿತು.

ಇಂಗ್ಲೆಂಡಿನ ಹೇಲ್ಸ್ ಮತ್ತು ಬಾರ್ಕರ್ ಎಂಬ ವಿಜ್ಞಾನಿಗಳು 1992ರಲ್ಲಿ ಇದಕ್ಕೆ ಕೊಟ್ಟ ವಿವರಣೆ ರೈತರಿಗೆ ಸುಲಭವಾಗಿ ಹಿಡಿಸುತ್ತದೆ. ಗರ್ಭದಲ್ಲಿ ಆಹಾರ ಸಾಲದಾದಾಗ ಶಿಶು ಇದ್ದುದರಲ್ಲಿ ಮಿದುಳಿಗೆ ಮೊದಲು ಕೊಟ್ಟು ಉಳಿದ ಅಂಗಗಳನ್ನು ಬಿಗಿಹಿಡಿಯುತ್ತದೆ. ಹೊರಗೂ ಬರಗಾಲವೇ ಇದೆ ಎಂದುಕೊಂಡು ಮಿತವ್ಯಯದ ದೇಹವನ್ನು ಕಟ್ಟಿಕೊಳ್ಳುತ್ತದೆ. ಹುಟ್ಟಿದ ಮೇಲೆ ಬರ ಮುಗಿದು ಪಡಿತರದ ಅನ್ನ, ಟೀ, ಬಿಸ್ಕತ್ತು ಧಾರಾಳವಾದರೆ ಆ ಮಿತವ್ಯಯದ ದೇಹಕ್ಕೆ ಅದನ್ನು ನಿಭಾಯಿಸಲಾಗುವುದಿಲ್ಲ.

ಪುಣೆ, ಮೈಸೂರುಗಳ ಪಾಠ

ನಮ್ಮ ಪಕ್ಕದಲ್ಲೇ ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಯಾಜ್ಞಿಕ್ ಮತ್ತು ಅವರ ಜೊತೆಗಾರರು ಸುತ್ತಣ ಹಳ್ಳಿಗಳ ತಾಯಂದಿರನ್ನು 1990ರ ದಶಕದಿಂದ ಅಭ್ಯಾಸ ಮಾಡಿದ್ದಾರೆ. ಅಲ್ಲಿನ ಕೂಸುಗಳ ಸರಾಸರಿ ತೂಕ 2.7 ಕಿಲೋ; ಇಂಗ್ಲೆಂಡಿನ ಸೌತಾಂಪ್ಟನ್ ಕೂಸುಗಳದು 3.5 ಕಿಲೋ. ಆದರೆ ವಿಚಿತ್ರವೆಂದರೆ ನಮ್ಮ ಕೂಸುಗಳಲ್ಲಿ ಕಡಮೆಯಾದದ್ದು ಮಾಂಸ; ಚರ್ಮದಡಿಯ ಕೊಬ್ಬು ಅಷ್ಟಾಗಿ ಕಡಮೆಯಾಗಿರಲಿಲ್ಲ. ನೋಡಲು ಬಡಕಲು, ಒಳಗೆ ಕೊಬ್ಬು. ಹೊಕ್ಕುಳಬಳ್ಳಿಯ ರಕ್ತದಲ್ಲಿ ಇನ್ಸುಲಿನ್ ಕೂಡ ಇಂಗ್ಲೆಂಡಿನ ಕೂಸುಗಳಿಗಿಂತ ಹೆಚ್ಚಿತ್ತು. ಅಂದರೆ ಹುಟ್ಟುವಾಗಲೇ ಗ್ರಂಥಿ ಹೆಚ್ಚು ದುಡಿಯುತ್ತಿದೆ ಎಂದರ್ಥ.

ಮೈಸೂರಿನಲ್ಲಿ ಜನ ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹೆರಿಗೆಯ ದಾಖಲೆಗಳನ್ನು ಜೋಪಾನವಾಗಿ ಇಟ್ಟಿದ್ದರು. 1934ರಿಂದ 1953ರೊಳಗೆ ಅಲ್ಲಿ ಹುಟ್ಟಿದ 506 ಮಂದಿಯನ್ನು ಪತ್ತೆ ಹಚ್ಚಿ ಪರೀಕ್ಷಿಸಿದ ವರದಿ 1998ರಲ್ಲಿ ಬಂತು. ಬರೀ ತೂಕ ಕಡಮೆಯಿದ್ದವರಿಗೇ ಕಾಯಿಲೆ ಹೆಚ್ಚು ಎಂಬ ಇಂಗ್ಲೆಂಡಿನ ಲೆಕ್ಕ ಇಲ್ಲಿ ಹೊಂದಲಿಲ್ಲ. ಹುಟ್ಟುವಾಗ ಗಿಡ್ಡವಾಗಿ, ಉದ್ದಕ್ಕೆ ಮೀರಿದ ತೂಕವಿದ್ದವರಲ್ಲಿ ಮತ್ತು ತಾಯಿ ಭಾರವಿದ್ದವರಲ್ಲಿ ಸಕ್ಕರೆ ಕಾಯಿಲೆ ಹೆಚ್ಚು ಕಂಡಿತು. ಬಸಿರಿನಲ್ಲಿ ತಾಯಿಗೇ ಸಕ್ಕರೆ ಏರಿದ್ದಿರಬೇಕೆಂದು ಸಂಶೋಧಕರು ಊಹಿಸಿದರು. ಅದೇ ಆಸ್ಪತ್ರೆಯಲ್ಲಿ ಮುಂದೆ ನಡೆದ ಇನ್ನೊಂದು ಅಭ್ಯಾಸದಲ್ಲಿ ನೂರಕ್ಕೆ 6 ಬಸುರಿಯರಿಗೆ ಸಕ್ಕರೆ ಏರಿರುವುದು ಸಿಕ್ಕಿತು. ಅಂಥ ತಾಯಂದಿರ ಮಕ್ಕಳಲ್ಲಿ ಬೆಳೆಯುತ್ತ ಕೊಬ್ಬೂ, ಇನ್ಸುಲಿನ್ನೂ ಹೆಚ್ಚಿದ್ದವು.

ಆದುದರಿಂದ ಬೇಳೆ ತಿನ್ನಿಸಿದರೆ ಸಕ್ಕರೆ ಕಾಯಿಲೆ ಬಾರದು ಎಂದು ಯಾರಾದರೂ ಹೇಳಿದರೆ ನಂಬಬೇಡಿರಿ. ಕೊರತೆಯೂ ಕೆಡಿಸುತ್ತದೆ, ಅತಿಯೂ ಕೆಡಿಸುತ್ತದೆ. ಎರಡೂ ಒಂದರ ಹಿಂದೊಂದು ಬರುವುದು ನಮ್ಮ ದೇಶದ ದುರ್ದೆಸೆ. ಗರ್ಭದಲ್ಲಿ ಸೊರಗಿ ಹುಟ್ಟಿದ ಹುಡುಗಿ ದೊಡ್ಡವಳಾಗಿ ಅನ್ನ, ಸಿಹಿ ಹೆಚ್ಚಾಗಿ ಉಂಡು ಬಸುರಿಯಾದಾಗ ಅವಳ ಅರೆಬರೆ ಗ್ರಂಥಿ ಎರಡು ಜೀವದ ಹೊರೆ ಹೊರಲಾರದೆ ಸಕ್ಕರೆ ಏರುತ್ತದೆ. ಆಗ ಅವಳ ಮಗು ಇನ್ನೊಂದು ಬಗೆಯಲ್ಲಿ ಕೆಡುತ್ತದೆ.

ಇಲ್ಲೊಂದು ಅಂಕಿಯನ್ನು ಗಮನಿಸಬೇಕು. 1951ರಲ್ಲಿ ದೇಶದಲ್ಲಿ ತಲೆಗೆ ದಿನವೊಂದಕ್ಕೆ ಸುಮಾರು 60 ಗ್ರಾಂ ಬೇಳೆಕಾಳು ದೊರೆಯುತ್ತಿತ್ತು. ಗೋಧಿ, ಭತ್ತಗಳ ಹಸಿರು ಕ್ರಾಂತಿಯಲ್ಲಿ ಕಾಳಿನ ಬೆಳೆ ಬೆಟ್ಟದ ಬುಡಕ್ಕೂ ಕಲ್ಲುಭೂಮಿಗೂ ಸರಿದು 2001ರ ಹೊತ್ತಿಗೆ ಅದು 30 ಗ್ರಾಂಗೆ ಇಳಿಯಿತು. ಆಮೇಲೆ ಸ್ವಲ್ಪ ಚೇತರಿಸಿದೆ. ಈಗ ಇಪ್ಪತ್ತೈದರ ಆಸುಪಾಸಿನಲ್ಲಿದ್ದು ಬಸುರಿಯಾಗುತ್ತಿರುವ ನಮ್ಮ ಸೊಸೆಯಂದಿರು ಹುಟ್ಟಿದ್ದು ಆ 2001ರ ಸುತ್ತಮುತ್ತಲೇ.

ತಟ್ಟೆಯ ಲೆಕ್ಕ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸಿನಂತೆ ಸಾಧಾರಣ ಹೆಂಗಸಿಗೆ ದಿನಕ್ಕೆ 46 ಗ್ರಾಂ ಸಸಾರಜನಕ ಬೇಕು. ಬಸಿರಿನ ನಡುವಿನ ಮೂರು ತಿಂಗಳಲ್ಲಿ ಇದಕ್ಕೆ ಸುಮಾರು 9.5 ಗ್ರಾಂ, ಕೊನೆಯ ಮೂರು ತಿಂಗಳಲ್ಲಿ 22 ಗ್ರಾಂ ಕೂಡಬೇಕು. ಅಂದರೆ ಕೊನೆಗೆ 68 ಗ್ರಾಂ.

ಈಗ ನಮ್ಮ ಬಯಲುಸೀಮೆಯ ಮನೆಯ ಊಟವನ್ನು ತೂಗಿ ನೋಡೋಣ. ದಿನದ ಮುದ್ದೆ, ರೊಟ್ಟಿಗೆ ರಾಗಿಹಿಟ್ಟು 250 ಗ್ರಾಂ, ಅದರಲ್ಲಿ 18 ಗ್ರಾಂ ಸಸಾರಜನಕ. ಅಕ್ಕಿ 200 ಗ್ರಾಂ, ಅದರಲ್ಲಿ 15. ಸಾರಿನ ಪಾಲಿಗೆ ಬಂದ ಬೇಳೆ 20 ಗ್ರಾಂ, ಅದರಲ್ಲಿ 4. ಟೀಗೂ ಮಜ್ಜಿಗೆಗೂ ಸೇರಿ ಒಂದು ಲೋಟ ಹಾಲು, ಅದರಲ್ಲಿ 6. ಒಟ್ಟು 43 ಗ್ರಾಂ. ಇನ್ನೂ 25 ಗ್ರಾಂ ಕಡಮೆ. ಹೊಟ್ಟೆ ತುಂಬಿದೆ, ಲೆಕ್ಕ ತುಂಬಿಲ್ಲ.

ಮುದ್ದೆಯನ್ನೇ ಇನ್ನೊಂದು ಹೆಚ್ಚು ಉಂಡರೆ ಆಗದೇ ಎಂದು ಕೇಳುವವರಿದ್ದಾರೆ. ಸಾಲದು. ಧಾನ್ಯಗಳ ಸಸಾರಜನಕದಲ್ಲಿ ಲೈಸಿನ್ ಎಂಬ ಅಂಶ ಕಡಮೆ, ಕಾಳುಗಳಲ್ಲಿ ಅದು ಹೆಚ್ಚು. ಕಾಳಿನಲ್ಲಿ ಕೊರೆಯಾದ ಮಿಥಿಯೋನಿನ್ ಧಾನ್ಯದಲ್ಲಿದೆ. ಮುದ್ದೆಗೆ ಹುರುಳಿ ಬಸ್ಸಾರು, ರೊಟ್ಟಿಗೆ ಅವರೆಕಾಳು ಎಂದು ನಮ್ಮ ಹಿರಿಯರು ಜೋಡಿಸಿದ್ದು ಸರಿಯಾಗಿಯೇ ಇದೆ. ಕೊರತೆಯ 25 ಗ್ರಾಂ ತುಂಬಲು ದಿನಕ್ಕೆ ಎರಡು ಹಿಡಿ, ಅಂದರೆ 60 ಗ್ರಾಂ ಕಾಳು (13 ಗ್ರಾಂ), ಒಂದು ಹಿಡಿಗೆ ಕಡಮೆ ಕಡಲೆಕಾಯಿ ಬೀಜ (6 ಗ್ರಾಂ), ಒಂದು ಮೊಟ್ಟೆ (6 ಗ್ರಾಂ) ಸಾಕು. ಮೊಟ್ಟೆ ತಿನ್ನದವರು ಹಾಲು, ಮೊಸರನ್ನು ಒಂದು ಲೋಟ ಹೆಚ್ಚಿಸಬಹುದು. ಹೆಚ್ಚಿನ ಹಿಟ್ಟು, ಅಕ್ಕಿಯಲ್ಲಿ ಕೊಂಚ ಕಡಮೆ ಮಾಡಿ ಇವನ್ನು ಸೇರಿಸಿದರೆ ಸಕ್ಕರೆಯ ದೃಷ್ಟಿಯಿಂದಲೂ ಒಳ್ಳೆಯದು. ಪೇಟೆಯಲ್ಲಿ ಮಾರುವ ಸಸಾರಜನಕದ ಪುಡಿಯ ಡಬ್ಬಿಗಳನ್ನು ವೈದ್ಯರು ಹೇಳದೆ ಕೊಳ್ಳಬೇಡಿರಿ. ಅತಿ ಹೆಚ್ಚು ಸಸಾರಜನಕದ ಪೂರಕಗಳಿಂದ ಬಸುರಿಯರಿಗೆ ಲಾಭ ಕಂಡಿಲ್ಲ, ಮಗುವಿಗೆ ಕೆಡುಕಾಗುವ ಸಂಭವವೂ ಇದೆ.

ಹಾಲಿನ ವಿಷಯ ಒಂದು ಮಾತು. ಜೀವಸತ್ವ ಬಿ-12 ಕಾಳಿನಲ್ಲಿಲ್ಲ. ಹಾಲು, ಮೊಸರು, ಮೊಟ್ಟೆ, ಮಾಂಸದಲ್ಲಿ ಮಾತ್ರ ಉಂಟು. ಮೈಸೂರಿನ ಅಭ್ಯಾಸದಲ್ಲಿ ನೂರಕ್ಕೆ 43 ಬಸುರಿಯರಲ್ಲಿ ಇದರ ಕೊರತೆಯಿತ್ತು, ಕೊರತೆಯಿದ್ದವರಲ್ಲಿ ಬಸಿರಿನ ಸಕ್ಕರೆ ಹೆಚ್ಚು ಕಂಡಿತು. ಪುಣೆಯಲ್ಲಿಯೂ ಬಿ-12 ಕಡಮೆಯಿದ್ದು ಫೋಲಿಕ್ ಆಮ್ಲ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ ಆರನೆಯ ವಯಸ್ಸಿಗೇ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. (ಹಾಗೆಂದು ಆಸ್ಪತ್ರೆಯಲ್ಲಿ ಕೊಡುವ ಫೋಲಿಕ್ ಮಾತ್ರೆ ಬಿಡಬಾರದು, ಅದು ಬೇಕೇ ಬೇಕು.) ಬೆಳಗಾಗುವ ಮೊದಲೇ ಡೈರಿಗೆ ಹತ್ತು ಲೀಟರ್ ಹಾಲು ಹಾಕಿ, ಆ ಹಸುವಿಗೆ ಹುಲ್ಲು ತಂದ ಬಸುರಿಗೆ ಕರಿ ಟೀ ಕೊಡುವ ಮನೆಗಳನ್ನು ನಾನು ಕಂಡಿದ್ದೇನೆ.

ಮನೆಯ ಪಾಲು ಅರ್ಧ ಕ್ವಿಂಟಾಲ್

ಬೇಳೆಕಾಳು ಯೋಜನೆಯಲ್ಲಿ 350 ಲಕ್ಷ ಟನ್ ಉತ್ಪಾದನೆಯ ಗುರಿಯಿದೆ. ನೋಂದಾಯಿಸಿಕೊಂಡ ರೈತರಿಂದ ನಾಲ್ಕು ವರ್ಷ ತೊಗರಿ, ಉದ್ದು, ಮಸೂರಗಳನ್ನು ನಾಫೆಡ್ ಮತ್ತು ಎನ್‌ಸಿಸಿಎಫ್ ಸಂಸ್ಥೆಗಳು ಕೊಳ್ಳುವ ಭರವಸೆಯೂ ಇದೆ. ಬೆಳೆಗಾರನಿಗೆ ಇದು ಬೇಕಾದದ್ದೇ. ಆದರೆ ನನಗೆ ಕಾಣುವ ಕೊರತೆಯೊಂದಿದೆ. ಯೋಜನೆಗಳು ಲೆಕ್ಕ ಹಿಡಿಯುವುದು ಮಂಡಿಗೆ ಬಂದ ಮೂಟೆಯನ್ನು. ಮನೆಯಲ್ಲಿ ಉಳಿದ ಕಾಳನ್ನು ಯಾರೂ ಕೇಳುವುದಿಲ್ಲ. ಹಿಂದೆ ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಬಂದ ಅವರೆ, ತೊಗರಿ, ಅಲಸಂದೆಗಳು ಮಾರಾಟಕ್ಕಲ್ಲ, ಅಡುಗೆಮನೆಗೆ. ಈಗ ಅಕ್ಕಡಿ ಹೋಗಿ ಮುಸುಕಿನ ಜೋಳ, ಅಡಿಕೆ ಬಂದಿವೆ. ತೊಗರಿಯನ್ನೇ ಬೆಳೆಯುವವರು ಸುಗ್ಗಿಯಲ್ಲಿ ಎಲ್ಲವನ್ನೂ ಗಾಡಿಗೆ ಹಾಕಿ, ಆರು ತಿಂಗಳ ಮೇಲೆ ಅಂಗಡಿಯಿಂದ ಕಾಲು ಕಿಲೋ ಬೇಳೆ ತರುತ್ತಾರೆ. ಕಾಲು ಕಿಲೋ ತಂದ ಮನೆಯಲ್ಲಿ ಸಾರು ತೆಳುವಾಗದೆ ಏನಾದೀತು?

ಲೆಕ್ಕ ಹೀಗಿದೆ. ಸಾರಿನ ಬೇಳೆಯೂ ಸೇರಿ ದಿನಕ್ಕೆ 80 ಗ್ರಾಂನಂತೆ ಬಸಿರಿನ 270 ದಿನಗಳಿಗೆ 21.6 ಕಿಲೋ, ಬಾಣಂತನದ ಆರು ತಿಂಗಳಿಗೆ 14.4 ಕಿಲೋ, ಒಟ್ಟು 36 ಕಿಲೋ. ತೊಗರಿಯನ್ನು ಬೇಳೆ ಮಾಡಿದರೆ ನೂರಕ್ಕೆ 70-75 ಪಾಲು ಸಿಗುತ್ತದೆ. ಆದುದರಿಂದ ಅರ್ಧ ಕ್ವಿಂಟಾಲ್ ತೊಗರಿ ಮನೆಯಲ್ಲಿ ಉಳಿದರೆ ಒಂದು ಬಸಿರು, ಒಂದು ಬಾಣಂತನ ಸಾಗುತ್ತದೆ. 2025-26ರ ಬೆಂಬಲ ಬೆಲೆ ಕ್ವಿಂಟಾಲಿಗೆ 8,000 ರೂಪಾಯಿಯ ಲೆಕ್ಕದಲ್ಲಿ 4,000 ರೂಪಾಯಿಯ ಮಾಲು. ತೊಗರಿಯೊಂದೇ ಬೇಡ, ಹುರುಳಿ, ಹೆಸರು, ಅವರೆ ಬೆರಸಿ ಇಟ್ಟುಕೊಳ್ಳಬಹುದು. ಬೆಳೆಯದವರು ಮುಂಗಾರಿನಲ್ಲಿ ರಾಗಿಯ 8 ಸಾಲಿಗೆ 2 ಸಾಲು ತೊಗರಿ ಹಾಕಿ ನೋಡಬಹುದು.

ಉಳಿಸಿದ ಮಾತ್ರಕ್ಕೆ ಅದು ಅವಳ ತಟ್ಟೆಗೆ ಬರುವುದೆಂಬ ಭರವಸೆಯಿಲ್ಲ. ಗಂಡಸರು, ಮಕ್ಕಳು ಉಂಡು ಎದ್ದ ಮೇಲೆ ಪಾತ್ರೆಯ ತಳದಲ್ಲಿ ಉಳಿದದ್ದಕ್ಕೆ ನೀರು ಬೆರಸಿ ಉಣ್ಣುವುದು ನಮ್ಮ ಹೆಣ್ಣುಮಕ್ಕಳ ರೂಢಿ. ಒಂದು ಊರಿನಲ್ಲಿ ತೊಗರಿ ಪ್ರಾತ್ಯಕ್ಷಿಕೆಗೆ ಹೋದಾಗ ಮನೆಯ ಹಿರಿಯಮ್ಮ, "ಹೆಚ್ಗೆ ತಿಂದ್ರೆ ಕೂಸು ದಪ್ಪ ಆಗಿ ಹೆರಿಗೆ ಕಷ್ಟ ಆಯ್ತದೆ ಸ್ವಾಮಿ, ಕಾಳು ವಾಯು ಬೇರೆ" ಎಂದರು. ಅವರನ್ನು ತಪ್ಪೆನ್ನಲಾರೆ. ಹತ್ತಿರ ಆಸ್ಪತ್ರೆಯಿಲ್ಲದ ಕಾಲದಲ್ಲಿ ಆ ಹೆದರಿಕೆಗೆ ಕಾರಣವಿತ್ತು. ಆದರೆ ಉಣ್ಣದಿದ್ದರೆ ಕೂಸಿನಲ್ಲಿ ಕಡಮೆಯಾಗುವುದು ಮಾಂಸವೆಂದು ಪುಣೆಯ ಕೂಸುಗಳು ತೋರಿಸಿವೆ. ವಾಯುವಿಗೆ ಕಾಳನ್ನು ರಾತ್ರಿ ನೆನೆಸಿ ಆ ನೀರು ಚೆಲ್ಲಿ, ಮೊಳಕೆ ಕಟ್ಟಿ ಬೇಯಿಸಿದರೆ ಬಹುಮಟ್ಟಿಗೆ ಪರಿಹಾರ. ಬಸುರಿಯ ಪಾಲನ್ನು ಒಗ್ಗರಣೆಗೆ ಮೊದಲೇ ಗಟ್ಟಿಯಾಗಿ ಬೇರೆ ಬಟ್ಟಲಿಗೆ ತೆಗೆದಿಡುವುದು ಅದಕ್ಕಿಂತ ಮುಖ್ಯ.

ಸರ್ಕಾರದ ಕಡೆಯಿಂದ 2013ರ ಆಹಾರ ಭದ್ರತಾ ಕಾಯ್ದೆ ಬಸುರಿಯರಿಗೆ ಅಂಗನವಾಡಿಯ ಮೂಲಕ 600 ಕ್ಯಾಲೊರಿ ಮತ್ತು 18ರಿಂದ 20 ಗ್ರಾಂ ಸಸಾರಜನಕ ಎಂದು ನಿಗದಿ ಮಾಡಿತು. ನಮ್ಮ ರಾಜ್ಯದ ಮಾತೃಪೂರ್ಣ ಯೋಜನೆ 2017ರ ಅಕ್ಟೋಬರ್ 2ರಂದು ಆರಂಭವಾದದ್ದು ಮಧ್ಯಾಹ್ನದ ಬಿಸಿಯೂಟ, ಮೊಟ್ಟೆ, ಹಾಲು, ಕಡಲೆಕಾಯಿ ಚಿಕ್ಕಿಯೊಂದಿಗೆ. ಮೇಲಿನ ಕೊರತೆಯ ಬಹುಭಾಗವನ್ನು ಇದೊಂದೇ ತುಂಬಬಲ್ಲದು. ಆದರೆ ತೋಟದ ಮನೆಯಿಂದ ಬಿಸಿಲಲ್ಲಿ ಒಂದು ಮೈಲಿ ನಡೆದು ಹೋಗಿ ಉಂಡು ಬರಲು ತುಂಬು ಬಸುರಿಗೆ ಆಗದು, ಸಂಕೋಚವೂ ಉಂಟು. ಪಂಚಾಯಿತಿ ಸದಸ್ಯರು ತಮ್ಮ ಊರಿನಲ್ಲಿ ಎಷ್ಟು ಮಂದಿಗೆ ಇದು ತಲುಪುತ್ತಿದೆ ಎಂದು ಅಂಗನವಾಡಿಯ ದಫ್ತರ ನೋಡಿ ಗ್ರಾಮಸಭೆಯಲ್ಲಿ ಕೇಳಬಹುದು.

ಬಸಿರು ಗೊತ್ತಾದ ಕೂಡಲೆ ಒಮ್ಮೆ, 24ರಿಂದ 28 ವಾರದೊಳಗೆ ಇನ್ನೊಮ್ಮೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ಮೇಲೆ ರಕ್ತ ಪರೀಕ್ಷೆ ಮಾಡುತ್ತಾರೆ. ಅಂಕಿ 140 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಊಟದ ಕ್ರಮವನ್ನು ವೈದ್ಯರೇ ಹೇಳಬೇಕು. ಈ ಲೇಖನದ ಲೆಕ್ಕ ಅವರಿಗಲ್ಲ. ಮೂತ್ರಪಿಂಡದ ತೊಂದರೆಯಿದ್ದವರಿಗೂ ಅಲ್ಲ.

ಇನ್ನು ಕಾಳು ಹುಳು ಬೀಳುತ್ತದೆಂದು ಬೇಗ ಮಾರುವವರಿಗೆ. ಹಲ್ಲಿನಲ್ಲಿ ಕಚ್ಚಿದರೆ ಕಟ್ ಎಂದು ಒಡೆಯುವವರೆಗೆ ಬಿಸಿಲಿಗೆ ಹಾಕಿರಿ. ತೊಗರಿ, ಅವರೆಗೆ ನಮ್ಮವರು ಹಿಂದಿನಿಂದ ಮಾಡುತ್ತ ಬಂದಂತೆ ಕೆಮ್ಮಣ್ಣಿನ ಬಗ್ಗಡ ಕಟ್ಟಿ ಮತ್ತೆ ಒಣಗಿಸಿ ಇಡಬಹುದು. ಇಲ್ಲವೆ ಕಿಲೋಗೆ ಒಂದು ಟೀ ಚಮಚ ಅಡುಗೆ ಎಣ್ಣೆ ಸವರಿ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ತುಂಬಿರಿ. ಇಡಿ ಕಾಳಿಗಿಂತ ಬೇಳೆಗೆ ಈ ಹುಳುವಿನ ಕಾಟ ಕಡಮೆಯಾದುದರಿಂದ ಅರ್ಧದಷ್ಟನ್ನು ಸುಗ್ಗಿಯಲ್ಲೇ ಬೇಳೆ ಮಾಡಿಸಿಡುವುದು ಅನುಕೂಲ. ಊಟಕ್ಕೆ ಇಟ್ಟ ಕಾಳಿಗೆ ಬಿತ್ತನೆ ಬೀಜದ ಔಷಧಿಯನ್ನು ಯಾವ ಕಾರಣಕ್ಕೂ ಬೆರಸಬಾರದು. ಎರಡನ್ನೂ ಒಂದೇ ಕೋಣೆಯಲ್ಲಿ ಇಡುವವರು ಡಬ್ಬಿಗಳ ಮೇಲೆ ಗುರುತು ಬರೆದಿಡಿರಿ.